ಕೆರೆ ಹೂಳಿನ ಬ್ಯಾಕ್ಟೀರಿಯಾ ಕೊಬ್ಬು ಹಳೆಯ ಕಾಲದ ಚಳಿ-ಸೆಕೆ ಹೇಳುತ್ತದೆಯೇ?

ಚನ್ನಗಿರಿ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಚನ್ನಗಿರಿ ತಾಲ್ಲೂಕಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ನಮ್ಮೂರ ಕೆರೆ ಹೂಳೆತ್ತಿದರು. ಜೆಸಿಬಿ ತೋಡಿದ ಗುಂಡಿಯ ಗೋಡೆಯಲ್ಲಿ ಕಪ್ಪು, ಬೂದು, ಮತ್ತೆ ಕಪ್ಪು ಪದರಗಳು ಎದ್ದು ಕಾಣುತ್ತಿದ್ದವು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, 'ಸರ್, ಆಫ್ರಿಕಾದಲ್ಲಿ ಕೆರೆ ಕೆಸರಿನ ಬ್ಯಾಕ್ಟೀರಿಯಾ ಕೊಬ್ಬಿನಿಂದ 20,000 ವರ್ಷದ ಹಿಂದಿನ ಚಳಿ ಅಳೆದಿದ್ದಾರಂತೆ, ನಮ್ಮ ಕೆರೆಯಲ್ಲೂ ಆಗುತ್ತಾ?' ಎಂದು ಕೇಳಿದಳು. ಉತ್ತರ ಗೊತ್ತಿರಲಿಲ್ಲ. ಸತ್ತ ಬ್ಯಾಕ್ಟೀರಿಯಾದ ಕೊಬ್ಬು ಅಷ್ಟು ಕಾಲ ಉಳಿಯುವುದಾದರೂ ಹೇಗೆ? ತಿಳಿದವರು ಹೇಳಿ.

ಕೆಸರು ಹುಡುಗಿ:

ಮೇಷ್ಟ್ರೇ, ನಾನು ಶಿರಸಿಯವಳು, ಈಗ ನೆದರ್ಲೆಂಡ್ಸ್‌ನಲ್ಲಿ ಇದೇ ಕೊಬ್ಬುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ನಿಮ್ಮ ಹುಡುಗಿ ಕೇಳಿದ್ದು ಒಳ್ಳೆಯ ಪ್ರಶ್ನೆ.

ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ಲ, ಬ್ಯಾಕ್ಟೀರಿಯಾದ ಕೋಶಪೊರೆ ಹಾಗೆ ಗಟ್ಟಿಯಾದರೆ ಅದು ಬದುಕುವುದಿಲ್ಲ. ಅದಕ್ಕೇ ಚಳಿಯಲ್ಲಿ ಪೊರೆಯ ಕೊಬ್ಬಿನ ಸರಪಳಿಗೆ ಹೆಚ್ಚು ಮೀಥೈಲ್ ಗುಂಪುಗಳನ್ನು, ಅಂದರೆ ಒಂದು ಕಾರ್ಬನ್‌ನ ಪುಟ್ಟ ಕವಲುಗಳನ್ನು, ಸೇರಿಸಿಕೊಳ್ಳುತ್ತದೆ. ಸರಪಳಿಗಳು ಒತ್ತಾಗಿ ಕೂರಲಾರವು, ಪೊರೆ ಸಡಿಲವಾಗಿ ಉಳಿಯುತ್ತದೆ. ಒಂದು ಅಣುವಿನಲ್ಲಿ ಇಂಥ ಗುಂಪು ಕನಿಷ್ಠ 4, ಹೆಚ್ಚೆಂದರೆ 6. ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಇವು 1022, 1036, 1050 ಎಂಬ ಅಂಕಿಗಳಲ್ಲಿ ಕಾಣುತ್ತವೆ. ಗುಂಪೊಂದು ಕೂಡಿದರೆ 14 ಹೆಚ್ಚುತ್ತದೆ. ಈ ಲೆಕ್ಕವನ್ನು ಮಕ್ಕಳಿಂದ ಬೋರ್ಡಿನ ಮೇಲೆ ಮಾಡಿಸಬಹುದು: ಒಂದು ಕಾರ್ಬನ್, ಎರಡು ಹೈಡ್ರೋಜನ್.

ಉಳಿಯುವುದು ಹೇಗೆಂದರೆ, ನಮ್ಮ ಎಣ್ಣೆ-ತುಪ್ಪದಲ್ಲಿರುವುದು ಎಸ್ಟರ್ ಬಂಧ, ಬೇಗ ಮುರಿಯುತ್ತದೆ. ಇವುಗಳಲ್ಲಿರುವುದು ಈಥರ್ ಬಂಧ, ತುಂಬಾ ಗಟ್ಟಿ. ಆಮ್ಲಜನಕ ಸುಳಿಯದ ಕೆಸರಿನಲ್ಲಿ ಹೂತುಹೋದರೆ ಸಾವಿರಾರು ವರ್ಷ ಕದಲುವುದಿಲ್ಲ. ಲ್ಯಾಬಿನಲ್ಲಿ ಆ ಕೆಸರನ್ನು ಹೆಪ್ಪುಗಟ್ಟಿಸಿಯೇ ಒಣಗಿಸಿ, ದ್ರಾವಕದಲ್ಲಿ ಕೊಬ್ಬನ್ನು ತೊಳೆದು ತೆಗೆಯುತ್ತೇವೆ.

2007ರಲ್ಲಿ ಇಲ್ಲಿನ ವಿಜ್ಞಾನಿಗಳು ಜಗತ್ತಿನ 134 ಮಣ್ಣಿನ ಮಾದರಿಗಳಿಂದ, ಈ ಕೊಬ್ಬಿನಿಂದ ಉಷ್ಣತೆ ಲೆಕ್ಕಹಾಕುವ ಮೊದಲ ಸಮೀಕರಣ ಕಟ್ಟಿದರು. ಆಗ ಒಂದು ಗೋಜಲು ಉಳಿದಿತ್ತು. ಮೀಥೈಲ್ ಸರಪಳಿಯ 5ನೇ ಸ್ಥಾನದಲ್ಲಿ ಕೂತ ಅಣುವೂ 6ನೇ ಸ್ಥಾನದಲ್ಲಿ ಕೂತ ಅಣುವೂ ಯಂತ್ರದ ಗ್ರಾಫಿನಲ್ಲಿ ಒಂದೇ ಪೀಕ್ (ಶಿಖರ) ಆಗಿ ಬರುತ್ತಿದ್ದವು. 5ನೆಯದು ಉಷ್ಣತೆಗೆ ಹೆಚ್ಚು ಓಗೊಡುತ್ತದೆ, 6ನೆಯದು ಮಣ್ಣಿನ ಆಮ್ಲೀಯತೆಗೆ. ಎರಡನ್ನೂ ಬೇರ್ಪಡಿಸಿದ ಮೇಲೆ, 2014ರ ಹೊತ್ತಿಗೆ, ಲೆಕ್ಕ ತಿಳಿಯಾಯಿತು. ಹೋದ ವರ್ಷ, ಅಣುಗಳನ್ನು ಬೇರ್ಪಡಿಸುವ ನಮ್ಮ ಕೊಳವೆ (ಕಾಲಂ) ಹಳತಾಗಿ ಆ ಎರಡು ಪೀಕ್ ಮತ್ತೆ ಅಂಟಿಕೊಂಡಿದ್ದವು. ನಾನು ಗಮನಿಸಿರಲಿಲ್ಲ. 38 ಮಾದರಿಗಳನ್ನು ಮತ್ತೆ ಮಾಡಿದೆ, ಮೂರು ವಾರ ಹೋಯಿತು. ಅವತ್ತಿನಿಂದ ಯಾರು ಉಷ್ಣತೆಯ ಗ್ರಾಫ್ ತೋರಿಸಿದರೂ ನಾನು ಮೊದಲು ಕೇಳುವುದು ಪೀಕ್‌ಗಳನ್ನು.

ನಿಮ್ಮ ಹುಡುಗಿ ಓದಿದ್ದು ಬಹುಶಃ ಮೌಂಟ್ ಕೆನ್ಯಾದ ರುಟುಂಡು ಸರೋವರದ ವಿಷಯ. ಸುಮಾರು 3,100 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಕೆಸರನ್ನು ಕೆಳಪ್ರದೇಶದ ದಾಖಲೆಗಳೊಂದಿಗೆ ಹೋಲಿಸಿ 2017ರಲ್ಲಿ ಪ್ರಕಟಿಸಿದರು. ಈಗ ಒಂದು ಕಿಲೋಮೀಟರ್ ಮೇಲೇರಿದರೆ ಅಲ್ಲಿ ಸುಮಾರು 5.8 ಡಿಗ್ರಿ ತಣ್ಣಗಾಗುತ್ತದೆ. ಹಿಮಯುಗದ ಕಡು ಚಳಿಯಲ್ಲಿ ಕಿಲೋಮೀಟರಿಗೆ ಈ ಇಳಿತ 6.7 ಡಿಗ್ರಿ ಇತ್ತು. ಅಂದರೆ ಬಯಲಿಗಿಂತ ಬೆಟ್ಟ ಹೆಚ್ಚು ತಣ್ಣಗಾಗಿತ್ತು. ಭೂಮಿ ಬಿಸಿಯಾಗುವಾಗಲೂ ಬೆಟ್ಟಕ್ಕೇ ಹೆಚ್ಚು ಪೆಟ್ಟು ಎನ್ನುವುದನ್ನು ನೆನೆದರೆ, ಕರಗುತ್ತಿರುವ ಮೌಂಟ್ ಕೆನ್ಯಾದ ಹಿಮನದಿಗಳೇ ಕಣ್ಣಮುಂದೆ ಬರುತ್ತವೆ.

ಮಡಿಕೇರಿ ಮಳೆ:

ಅಕ್ಕಾ, ಒಂದು ಅನುಮಾನ. ಮಳೆಗಾಲದಲ್ಲಿ ಗುಡ್ಡದ ಮಣ್ಣೆಲ್ಲ ಕೊಚ್ಚಿಕೊಂಡು ಕೆರೆಗೇ ಬರುತ್ತದೆ. ಆ ಕೊಬ್ಬು ಗುಡ್ಡದ್ದೋ ಕೆರೆಯದ್ದೋ ಅಂತ ಹೇಗೆ ಗೊತ್ತಾಗುವುದು?

ಕೆಸರು ಹುಡುಗಿ:

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಮೊದಮೊದಲು ಎಲ್ಲವೂ ಮಣ್ಣಿನಿಂದ ಬಂದದ್ದು ಅಂದುಕೊಂಡಿದ್ದರು. ಆದರೆ ಮಣ್ಣಿನ ಸಮೀಕರಣವನ್ನು ಸರೋವರಕ್ಕೆ ಹಾಕಿದರೆ ನಿಜಕ್ಕಿಂತ ತಣ್ಣಗಿನ ಲೆಕ್ಕ ಬರುತ್ತಿತ್ತು. ಸರೋವರದ ನೀರಿನಲ್ಲೂ ತಳದಲ್ಲೂ ಇವನ್ನು ತಯಾರಿಸುವ ಬ್ಯಾಕ್ಟೀರಿಯಾಗಳಿವೆ ಅಂತ ಆಮೇಲೆ ತಿಳಿಯಿತು. ಅದಕ್ಕೇ ಪೂರ್ವ ಆಫ್ರಿಕಾದ 65 ಸರೋವರಗಳಿಂದ 2018ರಲ್ಲಿ ಬೇರೆಯೇ ಸಮೀಕರಣ ಕಟ್ಟಿದರು. ಅದರಲ್ಲೂ ಸುಮಾರು 2 ಡಿಗ್ರಿ ಆಚೀಚೆ ಆಗುತ್ತದೆ. ಈ ಕೊಬ್ಬಿನ ಹಲವು ಬಗೆಗಳನ್ನು ತಯಾರಿಸುವ ಒಂದು ಬ್ಯಾಕ್ಟೀರಿಯಾ ಸಿಕ್ಕಿದ್ದಂತೂ 2022ರಲ್ಲಿ: ಆಸಿಡೋಬ್ಯಾಕ್ಟೀರಿಯಾ ಗುಂಪಿನ ಸೋಲಿಬ್ಯಾಕ್ಟರ್. ಲ್ಯಾಬಿನಲ್ಲಿ ಬೆಳೆಸಿ ನೋಡಿದಾಗ ಚಳಿಗೆ ಮೀಥೈಲ್ ಹೆಚ್ಚಾಯಿತು. ಆದರೆ ಆಮ್ಲಜನಕ ಕಡಿಮೆಯಾದರೂ ಅದು ಈ ಕೊಬ್ಬನ್ನು ಹೆಚ್ಚು ಮಾಡುತ್ತದೆ. ಹಾಗಾಗಿ ಕೆರೆಯ ತಳದಲ್ಲಿ ಆಮ್ಲಜನಕ ಎಷ್ಟಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೇಷ್ಟ್ರೇ, ನಿಮ್ಮ ಕೆರೆಯ ವಿಷಯ ಬಿಟ್ಟೇ ಹೋಯಿತು. ಅದರಿಂದ ಉಷ್ಣತೆ ತೆಗೆಯುವುದು ಕಷ್ಟ. ಕಟ್ಟಿದ ಕೆರೆ, ಕೆಲವು ನೂರು ವರ್ಷದ್ದಿರಬಹುದು. ಆ ಅವಧಿಯ ಏರಿಳಿತ ನಮ್ಮ 2 ಡಿಗ್ರಿಯೊಳಗೇ ಮುಳುಗಿಹೋಗುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ದನಗಳು ತುಳಿಯುತ್ತವೆ, ಹೂಳೆತ್ತುತ್ತಾರೆ. ನಮ್ಮ ಕಡೆ ಹಳೆಯ ಹವಾಮಾನ ಹುಡುಕುವವರು ನೀಲಗಿರಿಯ ಜೌಗು ಮಣ್ಣಿಗೆ ಹೋಗುತ್ತಾರೆ. ಬೆಂಗಳೂರಿನ ಐಐಎಸ್ಸಿಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಅಲ್ಲಿನ ಕಾರ್ಬನ್ ಐಸೋಟೋಪುಗಳಿಂದ (ತೂಕದಲ್ಲಿ ಬೇರೆಬೇರೆಯಾದ ಕಾರ್ಬನ್ ಪರಮಾಣುಗಳಿಂದ) ಸುಮಾರು 20,000 ವರ್ಷಗಳ ಮಳೆ-ಹುಲ್ಲಿನ ಕಥೆ ಬಿಡಿಸಿಟ್ಟರು.

ಮಕ್ಕಳಿಂದ ಒಂದು ಕೆಲಸ ಮಾಡಿಸಿ. ತಿಂಗಳಿಗೊಮ್ಮೆ, ಒಂದೇ ಹೊತ್ತಿಗೆ, ಕೆರೆಯ ಮೇಲ್ನೀರಿನ ಉಷ್ಣತೆಯನ್ನೂ ದಡದ ನೆರಳಿನ ಗಾಳಿಯ ಉಷ್ಣತೆಯನ್ನೂ ಬರೆದಿಡಲಿ. ಸಮೀಕರಣ ಕಟ್ಟುವಾಗ ನಮಗೆ ದೊಡ್ಡ ಕೊರತೆಯೇ ಇದು. ಎಷ್ಟೋ ಸರೋವರಗಳಲ್ಲಿ ನೀರಿನ ಉಷ್ಣತೆಯನ್ನು ಯಾರೂ ಅಳೆದಿಲ್ಲ.

ಚನ್ನಗಿರಿ ಮೇಷ್ಟ್ರು:

ತುಂಬಾ ಧನ್ಯವಾದ ಮೇಡಂ. ಶಾಲೆಯಲ್ಲಿ ಎರಡು ಥರ್ಮಾಮೀಟರ್ ಇವೆ. ಪ್ರಶ್ನೆ ಕೇಳಿದ ಹುಡುಗಿಗೇ ನೋಟ್‌ಬುಕ್ ಕೊಡುತ್ತೇನೆ. ಸೋಮವಾರ ಬೆಳಿಗ್ಗೆ 8ಕ್ಕೆ ಶುರು.