ಸಹಾಯ ಬೇಕು: ಶಾಂಘೈ ಕಡೆಯ ಕೆಸುವಿನ ಗೆಡ್ಡೆ, ಸೊಪ್ಪಿನ ಸೂಪು

ಎಲ್ಲರಿಗೂ ನಮಸ್ಕಾರ. ಶಾಂಘೈ ಕಡೆಯ ಮನೆಗಳಲ್ಲಿ ಸಣ್ಣ ಕೆಸುವಿನ ಗೆಡ್ಡೆ ಮತ್ತು ಬೊಕ್ ಚಾಯ್ ಸೊಪ್ಪು ಹಾಕಿ ಮಾಡುವ ಸೂಪಿನ ಬಗ್ಗೆ ತಿಳಿದವರ ಸಲಹೆ ಬೇಕಾಗಿದೆ. ಅರೆಬೆಂದ ಗೆಡ್ಡೆಯಿಂದ ಗಂಟಲು ತುರಿಸುವುದರಿಂದ, ಅದನ್ನು ಶುಂಠಿಯೊಂದಿಗೆ ಎಣ್ಣೆಯಲ್ಲಿ ಬಾಡಿಸಿ, ನೀರು ಹಾಕಿ, ಚುಚ್ಚಿದ ಕಡ್ಡಿ ಸಲೀಸಾಗಿ ಇಳಿಯುವವರೆಗೆ ಬೇಯಿಸುತ್ತೇನೆ. ಅಷ್ಟರಲ್ಲಿ ಗೆಡ್ಡೆಯ ಅಂಚು ಕರಗಿ ರಸ ತಾನಾಗಿಯೇ ಮಂದವಾಗುತ್ತದೆ, ಈ ಸೂಪಿನ ಸೊಗಸೇ ಅದು. ಆದರೆ ಸೊಪ್ಪು ಹಾಕಿ ಮುಚ್ಚಿಟ್ಟರೆ ಬಣ್ಣಗೆಡುತ್ತದೆ, ಬೇಗ ಇಳಿಸಿದರೆ ದಂಟು ಹಸಿಯಾಗಿಯೇ ಉಳಿಯುತ್ತದೆ. ದಂಟನ್ನು ಮೊದಲು, ಎಲೆಯನ್ನು ಕೊನೆಗೆ ಹಾಕುವುದು ಸರಿಯೇ, ಅಥವಾ ಸೊಪ್ಪನ್ನು ಬೇರೆಯಾಗಿ ಬಾಡಿಸಿ ಸೇರಿಸಬೇಕೇ? ಸಸ್ಯಾಹಾರಿಗಳಾದ ನಮ್ಮ ತಾಯಿಯವರಿಗಾಗಿ, ಒಣ ಸಿಗಡಿಯ ಬದಲು ಒಣ ಶಿಟಾಕೆ ಅಣಬೆ ನೆನೆಸಿದ ನೀರು ಬಳಸಿದರೆ ರುಚಿ ಕೂಡೀತೇ? ಮನೆಯಲ್ಲಿ ಮಾಡಿ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.