ಲೊರಾಂಡೈಟ್ ಖನಿಜವನ್ನು ಗುರುತಿಸುವ ಬಗೆ ಮತ್ತು ಅದರ ಮಹತ್ವ

ಪ್ರಶ್ನೆ: ಸಲ್ಫೋಸಾಲ್ಟ್ (ಲೋಹ, ಆರ್ಸೆನಿಕ್‌ನಂಥ ಅರೆಲೋಹ ಮತ್ತು ಗಂಧಕ ಸೇರಿದ ಖನಿಜ) ವರ್ಗದ ಲೊರಾಂಡೈಟನ್ನು ಅದರೊಂದಿಗೇ ದೊರೆಯುವ ಕೆಂಪು ಆರ್ಸೆನಿಕ್-ಗಂಧಕ ಖನಿಜವಾದ ರಿಯಾಲ್ಗರ್‌ನಿಂದ ಪ್ರತ್ಯೇಕಿಸುವುದು ಹೇಗೆ? ಭೌತವಿಜ್ಞಾನಿಗಳಿಗೆ ಈ ಅಪರೂಪದ ಖನಿಜದಲ್ಲಿ ಆಸಕ್ತಿ ಏಕೆ?

ಉತ್ತರ 1: ಸಾಂದ್ರತೆಯೇ ನಂಬಬಹುದಾದ ಗುರುತು. ಲೊರಾಂಡೈಟಿನ ತೂಕದಲ್ಲಿ ಸುಮಾರು ಶೇ. 59ರಷ್ಟು ಥ್ಯಾಲಿಯಂ ಎಂಬ ಭಾರ ಲೋಹವಿದ್ದು, ಉಳಿದದ್ದು ಆರ್ಸೆನಿಕ್ ಮತ್ತು ಗಂಧಕವಾಗಿರುವುದರಿಂದ ಅದರ ಸಾಂದ್ರತೆ ನೀರಿನ ಸುಮಾರು 5.5 ಪಟ್ಟು ಇರುತ್ತದೆ, ರಿಯಾಲ್ಗರ್‌ನದು ಸುಮಾರು 3.5 ಪಟ್ಟು ಮಾತ್ರ. ಲೊರಾಂಡೈಟಿನ ಕಡುಗೆಂಪು ಹರಳುಗಳ ಮೇಲ್ಮೈ ಹಲವೊಮ್ಮೆ ಸೀಸದಂತೆ ಬೂದಾಗಿ ಕಾಣುತ್ತದೆ. ಉಜ್ಜಿದಾಗ ಲೊರಾಂಡೈಟ್ ಕೆಂಪು ಗೀರನ್ನೂ ರಿಯಾಲ್ಗರ್ ಕಿತ್ತಳೆ ಛಾಯೆಯ ಗೀರನ್ನೂ ಬಿಡುತ್ತವೆ. ಆದರೆ ಥ್ಯಾಲಿಯಂ, ಆರ್ಸೆನಿಕ್ ಎರಡೂ ವಿಷಕಾರಿಯಾದ್ದರಿಂದ ಪುಡಿ ಏಳುವ ಈ ಪರೀಕ್ಷೆಯನ್ನು ನಾನು ಸೂಚಿಸಲಾರೆ.

ಉತ್ತರ 2: ಇದನ್ನು 1894ರಲ್ಲಿ ವಿವರಿಸಿದ ಹಂಗೇರಿಯ ಯೋಜೆಫ್ ಕ್ರೆನ್ನರ್ ಅವರು ಭೌತವಿಜ್ಞಾನಿ ಲೊರಾಂಡ್ ಅಟ್ವಶ್ ಅವರ ಹೆಸರನ್ನಿಟ್ಟರು. ಉತ್ತರ ಮ್ಯಾಸಿಡೋನಿಯದ ಅಲ್ಚಾರ್ ಗಣಿ ಇದರ ಪ್ರಸಿದ್ಧ ನೆಲೆ. ಅಮೆರಿಕದ ನೆವಾಡಾದಲ್ಲಿಯೂ ಚೀನಾದ ಗ್ವೀಝೌ ಪ್ರಾಂತದಲ್ಲಿಯೂ ಇದು ದೊರೆತಿದೆ. ಸೂರ್ಯನಿಂದ ಬರುವ ನ್ಯೂಟ್ರಿನೊ (ವಿದ್ಯುದಂಶವಿಲ್ಲದ, ಅತಿ ಹಗುರವಾದ ಕಣ) ಥ್ಯಾಲಿಯಂ-205ರ ಪರಮಾಣು ಕೇಂದ್ರಕ್ಕೆ ತಾಗಿದಾಗ ಸೀಸದ ವಿಕಿರಣಶೀಲ ರೂಪವಾದ ಸೀಸ-205 ಉಂಟಾಗುತ್ತದೆ, ಮತ್ತು ಅದರ ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) ಒಂದು ಕೋಟಿ ವರ್ಷಕ್ಕೂ ಹೆಚ್ಚಾಗಿರುವುದರಿಂದ, ಸುಮಾರು 40 ಲಕ್ಷ ವರ್ಷ ಹಳೆಯ ಅಲ್ಚಾರ್ ಅದಿರಿನಲ್ಲಿ ಸೂರ್ಯನ ದೀರ್ಘಕಾಲದ ಸರಾಸರಿ ನ್ಯೂಟ್ರಿನೊ ಹರಿವಿನ ದಾಖಲೆ ಉಳಿದಿರುತ್ತದೆ.

ಪ್ರಶ್ನಿಸಿದವರು: ಸೀಸ-205 ಬೇರೆ ಮಾರ್ಗದಿಂದ ಉಂಟಾಗುವುದಿಲ್ಲವೇ?

ಉತ್ತರ 2: ಉಂಟಾಗುತ್ತದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಿಂದ ಹುಟ್ಟಿ ಬಂಡೆಯೊಳಕ್ಕೂ ತೂರಬಲ್ಲ ಮ್ಯುಯಾನ್ ಎಂಬ ಕಣಗಳೂ ಅದನ್ನು ಸೃಷ್ಟಿಸುತ್ತವೆ. ಆದ್ದರಿಂದಲೇ ಮಾದರಿಯನ್ನು ಆಳದಿಂದ ತೆಗೆಯಬೇಕು, ಮೇಲಿನ ಬಂಡೆ ಎಷ್ಟು ವೇಗವಾಗಿ ಸವೆದಿದೆ ಎಂಬುದನ್ನೂ ಲೆಕ್ಕ ಹಾಕಬೇಕು.