ಫುಟ್‌ಬಾಲಿನಲ್ಲಿ ‘ಲೆಟರ್’ ಪಡೆದವರು: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ನಾಲ್ಕು ದಿನದಿಂದ ಕಾಡುತ್ತಿದೆ, ನಿಮ್ಮ ಸಹಾಯ ಬೇಕು. ಅಮೆರಿಕದ 38ನೇ ಅಧ್ಯಕ್ಷರಾಗಿದ್ದ ಜೆರಾಲ್ಡ್ ಫೋರ್ಡ್ ಅವರ ಕಾಲೇಜು ದಿನಗಳ ಬಗ್ಗೆ ಮಕ್ಕಳಿಗೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಅವರು ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಆಡಿದವರು. ಆ ಕಾಲದ ಬಗ್ಗೆ ಎಲ್ಲಿ ಓದಿದರೂ ಒಂದು ಮಾತು ಬಂದೇ ಬರುತ್ತದೆ: 1932, 1933, 1934, ಮೂರೂ ವರ್ಷ ಅವರು ‘ಲೆಟರ್ಡ್’. ಇದನ್ನೇ ಕನ್ನಡಕ್ಕೆ ತಂದಿದ್ದ ಒಂದು ಬರಹದಲ್ಲಿ ‘ಫೋರ್ಡ್ ಮೂರು ವರ್ಷ ಫುಟ್‌ಬಾಲಿನಲ್ಲಿ ಅಕ್ಷರಸ್ಥರಾಗಿದ್ದರು’ ಅಂತ ಇತ್ತು. ಓದಿ ಬೇಜಾರಾಯಿತು. ಆದರೆ ನಿಘಂಟು ತೆಗೆದು ನೋಡಿದರೆ ‘ಲೆಟರ್ಡ್’ ಅನ್ನೋ ಪದಕ್ಕೆ ಓದುಬರಹ ಬಲ್ಲವನು, ವಿದ್ಯಾವಂತ ಅನ್ನೋ ಅರ್ಥವೇ ಮೊದಲು ಸಿಗುತ್ತದೆ, ಹಾಗಾಗಿ ಬರೆದವರನ್ನು ದೂರುವ ಹಾಗೂ ಇಲ್ಲ.

ಇಲ್ಲಿ ಲೆಟರ್ ಅಂದರೆ ಬಟ್ಟೆಯಲ್ಲಿ ಕತ್ತರಿಸಿ ಮಾಡಿದ ಒಂದು ದೊಡ್ಡ ಅಕ್ಷರ. ಕಾಲೇಜಿನ ಹೆಸರಿನ ಮೊದಲ ಅಕ್ಷರ. ಮಿಷಿಗನ್‌ಗೆ ‘ಎಂ’, ಹಾರ್ವರ್ಡ್‌ಗೆ ‘ಎಚ್’. ಒಂದು ಹಂಗಾಮಿನಲ್ಲಿ ಕಾಲೇಜಿನ ಮುಖ್ಯ ತಂಡದ ಪರವಾಗಿ ಇಷ್ಟು ಅಂತ ಆಡಿದ ಆಟಗಾರನಿಗೆ ಕಾಲೇಜು ಅದನ್ನು ಕೊಡುತ್ತದೆ. ಅವನು ಅದನ್ನು ಸ್ವೆಟರ್ ಮೇಲೋ ಜಾಕೆಟ್ ಮೇಲೋ ಎದೆಯ ಹತ್ತಿರ ಹೊಲಿಸಿಕೊಳ್ಳುತ್ತಾನೆ. ಬೆಂಗಳೂರಿನ ಕಾಲೇಜು ಹುಡುಗ ಹುಡುಗಿಯರು ಹಾಕಿಕೊಳ್ಳುವ, ಎದೆಯ ಮೇಲೆ ಒಂದೇ ಒಂದು ದೊಡ್ಡ ಅಕ್ಷರ ಇರುವ ‘ವಾರ್ಸಿಟಿ ಜಾಕೆಟ್’ ನೋಡಿದ್ದೀರಲ್ವಾ? ಅದರ ಮೂಲ ಇದೇ. ಅಲ್ಲಿ ಅದನ್ನು ಆಡಿ ಗಳಿಸಬೇಕಾಗಿತ್ತು, ಇಲ್ಲಿ ಅಂಗಡಿಯಲ್ಲಿ ಸಿಗುತ್ತದೆ.

ಈ ರೂಢಿ ಹಾರ್ವರ್ಡ್‌ನಲ್ಲಿ ಶುರುವಾಯಿತು ಅಂತ ಹೇಳುತ್ತಾರೆ. 1865ರಲ್ಲಿ ಅಲ್ಲಿಯ ಬೇಸ್‌ಬಾಲ್ ತಂಡದವರು ಅಂಗಿಯ ಮೇಲೆ ‘ಎಚ್’ ಹಾಕಿಸಿಕೊಂಡರು. ಹತ್ತು ವರ್ಷ ಆದಮೇಲೆ ಫುಟ್‌ಬಾಲ್ ತಂಡವೂ ಅದನ್ನೇ ಮಾಡಿತು. ಮೊದಮೊದಲು ಅದು ತಂಡದ ಗುರುತು ಅಷ್ಟೆ. ಆಮೇಲೆ ಒಂದು ಪದ್ಧತಿ ಬಂತು. ಯೇಲ್, ಪ್ರಿನ್ಸ್‌ಟನ್ ವಿರುದ್ಧದ ದೊಡ್ಡ ಪಂದ್ಯಗಳಲ್ಲಿ ಆಡಿದವರು ಆ ಅಂಗಿಯನ್ನು ತಾವೇ ಇಟ್ಟುಕೊಳ್ಳಬಹುದು, ಆಡದವರು ಹಂಗಾಮು ಮುಗಿದಾಗ ವಾಪಸ್ ಕೊಡಬೇಕು. ನನಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಈ ಭಾಗ. ಎಲ್ಲರೂ ತೊಟ್ಟ ಅಂಗಿ ಒಂದೇ, ಆದರೆ ಕೊನೆಗೆ ಅದು ಯಾರ ಮನೆಗೆ ಹೋಯಿತು ಅನ್ನೋದರ ಮೇಲೆ ಅಕ್ಷರಕ್ಕೆ ಬೆಲೆ ಬಂತು.

ಇನ್ನೊಂದು ಮಾತು. ಇದು ನಾವು ನೋಡುವ ಫುಟ್‌ಬಾಲ್ ಅಲ್ಲ. ಚೆಂಡು ಜಾಸ್ತಿ ಹೊತ್ತು ಕೈಯಲ್ಲೇ ಇರುತ್ತದೆ, ಹಾಗಾಗಿ ‘ಕಾಲ್ಚೆಂಡು’ ಅಂದರೆ ಓದುವವರು ದಾರಿ ತಪ್ಪುತ್ತಾರೆ. ನಾನು ‘ಅಮೆರಿಕನ್ ಫುಟ್‌ಬಾಲ್’ ಅಂತಲೇ ಇಟ್ಟುಕೊಂಡಿದ್ದೇನೆ.

ಈಗ ಪದಕ್ಕೆ ಬರುತ್ತೇನೆ. ಮೊದಲು ‘ಪ್ರಶಸ್ತಿ ಪಡೆದರು’ ಅಂತ ಬರೆದು ಹೊಡೆದುಹಾಕಿದೆ. ಪ್ರಶಸ್ತಿ ಅಂದ ಕೂಡಲೇ ಉಳಿದವರಿಗಿಂತ ಇವನು ಮೇಲು ಅನ್ನೋ ಅರ್ಥ ಬಂದುಬಿಡುತ್ತದೆ. ಒಂದು ತಂಡದಲ್ಲಿ ಒಂದೇ ವರ್ಷ ಎಷ್ಟೋ ಜನಕ್ಕೆ ಲೆಟರ್ ಸಿಗುತ್ತದೆ. ಫೋರ್ಡ್ ಅವರನ್ನೇ ನೋಡಿ. 1932, 33ರಲ್ಲಿ ಮಿಷಿಗನ್ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ, ಆದರೆ ಅವರು ಆಡುತ್ತಿದ್ದ ‘ಸೆಂಟರ್’ ಜಾಗದಲ್ಲಿ ಚಕ್ ಬರ್ನಾರ್ಡ್ ಅನ್ನೋ ಹೆಸರಾಂತ ಆಟಗಾರ ಇದ್ದರು. ಬರ್ನಾರ್ಡ್ ಹಿಂದೆ ಫೋರ್ಡ್ ಎರಡನೆಯವರು. ಆದರೂ ಆ ಎರಡು ವರ್ಷವೂ ಅವರಿಗೆ ‘ಎಂ’ ಸಿಕ್ಕಿತು. ಹಾಗಂತ ಸುಮ್ನೆ ‘ತಂಡದಲ್ಲಿ ಆಡಿದರು’ ಅಂದರೂ ಸಾಲದು, ಯಾಕೆಂದರೆ ತಂಡದಲ್ಲಿದ್ದು, ದಿನಾ ಅಭ್ಯಾಸ ಮಾಡಿ, ಲೆಟರ್ ಸಿಗದೇ ಹೋದವರೂ ಬಹಳ ಜನ. ಇವೆರಡರ ನಡುವೆ ಇರುವ ಅರ್ಥಕ್ಕೆ ಒಂದು ಮಾತು ಬೇಕು.

ಮೂರು ವರ್ಷ ಅನ್ನೋದಕ್ಕೂ ಕಾರಣ ಇದೆ. ಅಲ್ಲಿ ಪದವಿ ಓದು ನಾಲ್ಕು ವರ್ಷ, ಆದರೆ ಆಗ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವ ಹಾಗಿರಲಿಲ್ಲ. ಫುಟ್‌ಬಾಲಿನಲ್ಲಿ ಆ ನಿಯಮ ಸಡಿಲವಾಗಿದ್ದು 1972ರಲ್ಲಿ. ಆದ್ದರಿಂದ ಹಳಬರ ಹೆಸರಿನ ಮುಂದೆ ಮೂರು ಲೆಟರ್ ಅಂತ ಕಂಡರೆ ಸಿಗಬಹುದಾಗಿದ್ದಷ್ಟೂ ಸಿಕ್ಕಿದೆ ಅಂತಲೇ ಲೆಕ್ಕ.

ಪದ ಸರಿಯಾಗಿ ಬೇಕು ಅಂತ ನಾನು ಇಷ್ಟು ಹಟ ಮಾಡುವುದಕ್ಕೆ ಇನ್ನೊಂದು ಕಾರಣ ಹೇಳುತ್ತೇನೆ. ಈ ಕಾಲೇಜುಗಳು ಲೆಟರ್ ಪಡೆದವರ ಪಟ್ಟಿಯನ್ನು ಮೊದಲಿನಿಂದ ಇಟ್ಟುಕೊಂಡು ಬಂದಿವೆ, ಹೆಸರು, ಪಕ್ಕದಲ್ಲಿ ವರ್ಷ, ಅಷ್ಟೇ ಇರುತ್ತದೆ. ಆದರೆ ಆ ಪಟ್ಟಿಯಲ್ಲಿ ಚರಿತ್ರೆ ಇದೆ. ಮಿಷಿಗನ್ ಫುಟ್‌ಬಾಲಿನಲ್ಲಿ ಲೆಟರ್ ಪಡೆದ ಮೊದಲ ಕಪ್ಪು ಆಟಗಾರ ಜಾರ್ಜ್ ಜ್ಯೂಯೆಟ್, 1890 ಮತ್ತು 1892ರಲ್ಲಿ. ಎರಡನೆಯವರು ವಿಲಿಸ್ ವಾರ್ಡ್, 1932ರಲ್ಲಿ. ನಡುವೆ 40 ವರ್ಷ! ಆ ಖಾಲಿ ಜಾಗ ಯಾವ ಭಾಷಣಕ್ಕಿಂತ ಜಾಸ್ತಿ ಹೇಳುತ್ತದೆ. ವಾರ್ಡ್ ಮತ್ತು ಫೋರ್ಡ್ ಒಟ್ಟಿಗೆ ಆಡಿದವರು, ಸ್ನೇಹಿತರು. 1934ರ ಅಕ್ಟೋಬರ್‌ನಲ್ಲಿ ಜಾರ್ಜಿಯಾ ಟೆಕ್ ತಂಡ ಮಿಷಿಗನ್‌ಗೆ ಬಂದಾಗ, ಕಪ್ಪು ಆಟಗಾರ ಇದ್ದರೆ ನಾವು ಆಡುವುದಿಲ್ಲ ಅಂತ ಆ ತಂಡ ಪಟ್ಟು ಹಿಡಿಯಿತು, ಮಿಷಿಗನ್‌ನವರು ಒಪ್ಪಿ ವಾರ್ಡ್ ಅವರನ್ನು ಹೊರಗಿಟ್ಟರು. ಆ ಹಂಗಾಮಿನ 8 ಪಂದ್ಯಗಳಲ್ಲಿ ಮಿಷಿಗನ್ ಗೆದ್ದಿದ್ದು ಅದೊಂದೇ, 9–2. ಆ ವರ್ಷವೂ ವಾರ್ಡ್ ಅವರಿಗೆ ಲೆಟರ್ ಬಂತು, ಫೋರ್ಡ್ ಅವರಿಗೂ ಬಂತು. ಫೋರ್ಡ್ ಇದನ್ನು ಮರೆಯಲಿಲ್ಲ, 1999ರಲ್ಲಿ ಪತ್ರಿಕೆಗೆ ಬರೆದ ಲೇಖನದಲ್ಲಿ ವಾರ್ಡ್‌ಗೆ ಆದ ಅನ್ಯಾಯವನ್ನು ನೆನೆದಿದ್ದಾರೆ. ಇಷ್ಟೆಲ್ಲಾ ಹೊತ್ತಿರುವ ಪದಕ್ಕೆ ‘ಅಕ್ಷರಸ್ಥ’ ಅಂತ ಬರೆದರೆ ಜ್ಯೂಯೆಟ್ ಅವರ ಕಥೆ ಏನಾಗುತ್ತದೆ ನೋಡಿ. 1890ರಲ್ಲಿ ಒಬ್ಬರು ಓದು ಕಲಿತರು, 40 ವರ್ಷದ ನಂತರ ಇನ್ನೊಬ್ಬರು ಕಲಿತರು ಅನ್ನೋ ಹಾಗೆ! ಇದು ಬರೀ ತಪ್ಪಲ್ಲ, ಅವರಿಗೆ ಅವಮಾನ.

ನಮ್ಮಲ್ಲೇ ಇರುವ ಪದಗಳನ್ನು ಹುಡುಕಿದೆ. ‘ಬಿರುದು’ ಮೊದಲು ನೆನಪಾಯಿತು. ಈಗ ಬಿರುದು ಅಂದರೆ ಹೆಸರಿಗೆ ಸೇರಿಸುವ ಮಾತು, ಆದರೆ ಹಿಂದೆ ವೀರರು ತೊಡುವ ಗುರುತಿಗೂ ಬಿರುದು ಅನ್ನುತ್ತಿದ್ದರು. ಕಾಲಿಗೆ ತೊಡುವ ಗಂಡಪೆಂಡೆಯ ಇತ್ತಲ್ಲ, ಅದೂ ಇದೇ ಜಾತಿಯದು: ಮೈಮೇಲೆ ಧರಿಸುವುದು, ಸಾಧಿಸಿದವನಿಗೆ ಮಾತ್ರ. ಅರ್ಥ ಹತ್ತಿರ ಬಂತು, ಆದರೆ ಹತ್ತೊಂಬತ್ತು ವರ್ಷದ ಹುಡುಗನ ಸ್ವೆಟರಿಗೆ ಭಾರ ಜಾಸ್ತಿ ಆಯಿತು.

ಬಳಕೆಯಲ್ಲಿರುವುದರಲ್ಲಿ ತುಂಬಾ ಹತ್ತಿರದ್ದು ‘ಬ್ಲೂ’. ಬೆಂಗಳೂರು ವಿಶ್ವವಿದ್ಯಾಲಯದ ಪರವಾಗಿ ಅಂತರ ವಿಶ್ವವಿದ್ಯಾಲಯ ಪಂದ್ಯ ಆಡಿದವರನ್ನು ‘ಯೂನಿವರ್ಸಿಟಿ ಬ್ಲೂ’ ಅನ್ನುತ್ತಾರೆ, ಕಬಡ್ಡಿ ಆಗಲಿ ಖೋ ಖೋ ಆಗಲಿ. ಇದು ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಿಂದ ಬಂದಿದ್ದು. 1836ರ ದೋಣಿ ಪಂದ್ಯದಲ್ಲಿ ಕೇಂಬ್ರಿಡ್ಜ್‌ನವರು ದೋಣಿಗೆ ತಿಳಿನೀಲಿ ರಿಬ್ಬನ್ ಕಟ್ಟಿದ್ದರಂತೆ, ಅಲ್ಲಿಂದ ಆ ಬಣ್ಣವೇ ಆಟಗಾರನ ಹೆಸರಾಯಿತು. ಅಲ್ಲಿ ಬಣ್ಣ, ಅಮೆರಿಕದಲ್ಲಿ ಅಕ್ಷರ. ಹಾಗಂತ ಫೋರ್ಡ್ ಅವರನ್ನು ‘ಬ್ಲೂ’ ಅನ್ನಲಾಗದು, ಮಿಷಿಗನ್‌ನಲ್ಲಿ ‘ಗೋ ಬ್ಲೂ’ ಅನ್ನೋದು ಇಡೀ ಕಾಲೇಜಿನ ಘೋಷಣೆ, ಗೊಂದಲವಾಗುತ್ತದೆ. ಆದರೆ ವಾಕ್ಯ ಕಟ್ಟುವ ರೀತಿ ನಮಗೆ ಇಲ್ಲೇ ಸಿಗುತ್ತದೆ ಅನ್ನಿಸುತ್ತದೆ. ‘ಅವನಿಗೆ ಬ್ಲೂ ಸಿಕ್ಕಿತು’ ಅನ್ನೋ ಹಾಗೆ ‘ಅವನಿಗೆ ಕಾಲೇಜಿನ ಅಕ್ಷರ ಸಿಕ್ಕಿತು’.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಫೋರ್ಡ್ ಮೂರು ವರ್ಷವೂ ಫುಟ್‌ಬಾಲಿನಲ್ಲಿ ಕಾಲೇಜಿನ ಅಕ್ಷರ ಪಡೆದರು. ಮುಖ್ಯ ಪಂದ್ಯಗಳಲ್ಲಿ ಆಡಿದವರಿಗೆ ಎದೆಯ ಮೇಲೆ ಹೊಲಿಸಿಕೊಳ್ಳಲು ಕೊಡುವ ಗುರುತು ಅದು.’ ಒಂದು ಸಲ ವಿವರಿಸಿದರೆ ಮುಂದೆ ‘ಅಕ್ಷರ ಪಡೆದ ಆಟಗಾರ’ ಅಂದರೆ ಸಾಕು. ‘ಎದೆಯಕ್ಷರ’ ಅಂತ ಒಂದೇ ಪದ ಮಾಡಬಹುದಾ ಅಂತಲೂ ಯೋಚಿಸಿದೆ. ನನಗೆ ಕೇಳಲು ಚೆನ್ನಾಗಿದೆ, ಮಕ್ಕಳಿಗೂ ಕಣ್ಣಿಗೆ ಕಟ್ಟುತ್ತದೆ. ಆದರೆ ಹೊಸ ಪದ ಹುಟ್ಟಿಸುವಾಗ ನಾಲ್ಕು ಜನರನ್ನು ಕೇಳುವುದು ಒಳ್ಳೆಯದು.

ಎರಡು ಪ್ರಶ್ನೆ. ‘ಎದೆಯಕ್ಷರ’ ನಿಮ್ಮ ಕಿವಿಗೆ ಒಪ್ಪುತ್ತಾ? ಮತ್ತೆ, ನಿಮ್ಮಲ್ಲಿ ಮೈಸೂರು, ಧಾರವಾಡ, ಮಂಗಳೂರು ಕಡೆ ಕಾಲೇಜಿಗೆ ಆಡಿದವರು ಇದ್ದರೆ, ತಂಡಕ್ಕೆ ಆಡಿ ಬ್ಲೇಜರೋ ಬ್ಯಾಡ್ಜೋ ಸಿಕ್ಕಿದಾಗ ಹಾಸ್ಟೆಲಿನಲ್ಲಿ, ಮನೆಯಲ್ಲಿ ಅದನ್ನು ಏನಂತ ಹೇಳುತ್ತಿದ್ದಿರಿ? ‘ಕಲರ್ ಸಿಕ್ತು’ ಅಂತ ಹೇಳುತ್ತಿದ್ದವರು ಯಾರಾದರೂ ಇದ್ದೀರಾ? ಇಂಗ್ಲಿಷ್ ಪದವೇ ಆದರೂ ಪರವಾಗಿಲ್ಲ, ಅದರ ಜೊತೆ ಯಾವ ಕನ್ನಡ ಕ್ರಿಯಾಪದ ಬಳಸುತ್ತಿದ್ದಿರಿ ಅಂತ ತಿಳಿಸಿ. ಸಿಕ್ಕಿತು, ಬಂತು, ಕೊಟ್ಟರು, ಹೊಡೆದ, ಯಾವುದು? ಲೇಖನ ಮುಗಿಸಲು ನನಗೆ ಇನ್ನೂ ಒಂದು ವಾರ ಇದೆ.